ಎರಡು ಬೆರಳಿನ ಜಾಗ

"ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಕೈಗೆ ಇಂಥಾ ಸಾಮಾನು ಕೊಟ್ಟಿದ್ದೇ ನನ್ನ ತಪ್ಪು! ಮೂಟೆ ಕಟ್ಟೋನು ಮೂಟೆನೇ ಕಟ್ಟಬೇಕು. ಹೋಗು... ಮೆಕ್ಕೆಜೋಳದ ಚೀಲ ಕಾಯ್ತಿರ್ತಾವೆ, ಹೋಗು!"

ನಿಖತ್‌ಳ ಕೂಗು ಹೊಳೆಯ ಆಚೆ ದಡಕ್ಕೂ ಕೇಳಿಸಿರಬೇಕು.

ಹರಿಹರದ ಹೊಳೆದಂಡೆ. ಬೆಳಗಿನ ಹೊತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕೈ ನಿಂತುಹೋಯಿತು. ಮಾಲತೇಶನ ಟೀ ಅಂಗಡಿಯ ಮುಂದಿದ್ದವರು ಗ್ಲಾಸು ಹಿಡಿದುಕೊಂಡೇ ಹತ್ತಿರ ಬಂದರು. ಪ್ರವಾಸಕ್ಕೆಂದು ಬ್ಯಾಗು ಹೊತ್ತು ಬಂದಿದ್ದ ನಾಲ್ವರು ಟೀಚರ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಷ್ಟು ಜನರ ನಡುವೆ ನೌಮಾನ್ ನಿಂತಿದ್ದ.

ಅವನ ಕಾಲ ಬುಡದಲ್ಲಿ ಎರಡು ಕಯಾಕ್‌ಗಳು ಬೋರಲು ಬಿದ್ದಿದ್ದವು. ಒಂದು ಕೆಂಪು, ಒಂದು ಹಳದಿ. ಒಬ್ಬರೇ ಕೂತು ಹುಟ್ಟು ಹಾಕುವ ಉದ್ದನೆಯ ಪ್ಲಾಸ್ಟಿಕ್ ದೋಣಿಗಳು. ಹಗ್ಗ ಹಾದುಹೋದ ಕಡೆಯಲ್ಲೆಲ್ಲ ಅವುಗಳ ಹೊಟ್ಟೆ ಒಳಕ್ಕೆ ಕುಸಿದಿತ್ತು, ಯಾರೋ ಮೊಣಕಾಲು ಊರಿ ಅದುಮಿದ ಹಾಗೆ. ನೀರಿಗೆ ಇಳಿಸಿದಾಗ ನೆಟ್ಟಗೆ ಹೋಗದೆ ಒಂದೇ ಕಡೆಗೆ ತಿರುಗಿದ್ದವು. ಅಂಬಿಕಾ ಟೀಚರ್ ಸೊಂಟದವರೆಗೆ ನೆನೆದು ದಡ ಹತ್ತಿದ್ದರು.

"ನಾನು ಕಟ್ಟಿದ್ದು ಹಿಂಗಲ್ಲ," ಎಂದ ನೌಮಾನ್. ಅಷ್ಟೇ.

"ಮತ್ಯಾರು ಕಟ್ಟಿದ್ರು? ಜಿನ್ನು ಬಂದು ಕಟ್ಟಿ ಹೋಯ್ತಾ?"

ಯಾರೋ ಕಿಸಕ್ಕನೆ ನಕ್ಕರು. "ದೋಣಿ ಹಾಕ್ರಿ ಅಂದ್ರೆ ಹಪ್ಪಳ ಹಾಕ್ಯಾನೆ ನೋಡ್ರಪ್ಪ!" ಎಂದ ಮಾಲತೇಶ. ನಗು ದಂಡೆಯ ತುಂಬ ಹರಡಿತು.

ನೌಮಾನ್ ಬಗ್ಗಿ ನೆಲದ ಮೇಲಿದ್ದ ಹಗ್ಗ ಎತ್ತಿಕೊಂಡ. ಅವನು ಬರುವುದಕ್ಕೆ ಮುಂಚೆಯೇ ಯಾರೋ ಬಿಚ್ಚಿ ಎಸೆದಿದ್ದ ಹಗ್ಗ. ಅದರಲ್ಲಿ ಇನ್ನೂ ತಿರುಚಿದ ಮುರಿ ಹಾಗೇ ಉಳಿದಿತ್ತು. ಅದನ್ನು ಬೆರಳಲ್ಲಿ ಸವರಿ ನೋಡಿದ. ಆಮೇಲೆ ತಲೆಯೆತ್ತಿ ಒಬ್ಬರನ್ನೇ ನೋಡಿದ.

ನಿಖತ್‌ಳ ತಂದೆ ಖಾಜಾ ಹುಸೇನರನ್ನು.

ಅವರು ಮುಖ ತಿರುಗಿಸಿ ಟೀ ಗುಟುಕರಿಸಿದರು.

ನೌಮಾನ್ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಬೈಕಿನ ಕಡೆಗೆ ಹೋದ.

'ಬೈದಿದ್ದಕ್ಕೆ ತಿರುಗಿ ಬೈಯಬಾರದಿತ್ತಾ? ತಪ್ಪು ಮಾಡಿದವನೇ ಹಿಂಗೆ ಓಡೋದು!' ನಿಖತ್ ಹಲ್ಲು ಕಚ್ಚಿದಳು.

ಆದರೆ ಬೈಕಿನ ಸದ್ದು ದೂರವಾದ ಹಾಗೆಲ್ಲ ಅವಳ ಎದೆಯೊಳಗೇ ಏನೋ ಬಿಚ್ಚಿಕೊಂಡು ಬೀಳುತ್ತಿತ್ತು.

*

ಇವರಿಬ್ಬರೂ ದಾವಣಗೆರೆಯ ಆನೆಕೊಂಡದ ಒಂದೇ ಗಲ್ಲಿಯಲ್ಲಿ ಬೆಳೆದವರು. ಎಂಟನೇ ಕ್ಲಾಸಿನವರೆಗೆ ಒಂದೇ ಶಾಲೆ. ಆ ವರ್ಷ ನೌಮಾನ್‌ನ ತಂದೆ ತೀರಿಕೊಂಡರು. ತಾಯಿ ಶಮೀಮ್ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ನಿಂತರು. ಹದಿಮೂರರ ಹುಡುಗ ಪುಸ್ತಕ ಕಟ್ಟಿಟ್ಟು, ಎಪಿಎಂಸಿ ಯಾರ್ಡಿನಲ್ಲಿ ಲಾರಿ ಲೋಡು ಕಟ್ಟುವ ಹಗ್ಗ ಹಿಡಿದ. ಕಲಿಸಿದವರು ಬೇರೆ ಯಾರೂ ಅಲ್ಲ, ಆಗ ಲಾರಿ ಓಡಿಸುತ್ತಿದ್ದ ಖಾಜಾ ಹುಸೇನ್. ಅಂದಿನಿಂದ ಅವನಿಗೆ ಅವರು ಉಸ್ತಾದ್, ಗುರು.

ಅವನು ಯಾಕೆ ಶಾಲೆ ಬಿಟ್ಟ ಅನ್ನುವುದು ದಾವಣಗೆರೆಯಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ನಿಖತ್‌ಗೆ ಗೊತ್ತಿತ್ತು. ಅವಳು ಎಸೆದದ್ದು ಅದೇ ಕಲ್ಲು!

ಕಾಲೇಜು ಓದಿದ ನಾಲಿಗೆ ಎಲ್ಲಿ ಹೊಡೆದರೆ ಹೆಚ್ಚು ನೋಯುತ್ತದೋ ಅಲ್ಲೇ ಹೊಡೆಯುವುದನ್ನು ಚೆನ್ನಾಗಿ ಕಲಿತಿರುತ್ತದೆ. ಕೈ ದುಡಿಮೆಯ ಅನ್ನ ತಿನ್ನುವವನ ಹತ್ತಿರ ಇರುವುದು ಎರಡೇ: ಕೈ, ಮತ್ತು ಆ ಕೈಗೆ ಇರುವ ಹೆಸರು. ಎರಡನೆಯದನ್ನು ಕಸಿದುಕೊಂಡರೆ ಮೊದಲನೆಯದನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ.

ಮುಂದೆ ನಿಖತ್‌ಳ ಮನೆಯವರು ನಿಜಲಿಂಗಪ್ಪ ಬಡಾವಣೆಗೆ ಬಂದರು. ಅಪ್ಪ ಲಾರಿ ಬಿಟ್ಟು ಟೆಂಪೊ ಟ್ರಾವೆಲರ್ ಇಟ್ಟರು. ಮಗಳು ಆ ಹಳೇ ಗಾಡಿಯೊಳಗೆ ಮಂಚ, ಒಲೆ, ಸಿಂಕು, ನೀರಿನ ಟ್ಯಾಂಕು ಎಲ್ಲ ಕೂಡಿಸಿ ಮೋಟಾರ್‌ಹೋಮ್ ಮಾಡಿದಳು. ಗಲ್ಲಿಯವರು ಅದಕ್ಕೆ ಇಟ್ಟ ಹೆಸರು ಮನೆಗಾಡಿ. ಹೆಂಗಸರಿಗೆ ಹರಿಹರದ ಹೊಳೆಯಲ್ಲಿ ಹುಟ್ಟು ಹಾಕುವುದು ಕಲಿಸಿ, ಅಲ್ಲಿಂದ ಭದ್ರಾ ಹಿನ್ನೀರಿಗೆ ಕರೆದುಕೊಂಡು ಹೋಗಿ ಕಯಾಕ್ ನಡೆಸಿಸುವುದು ಅವಳ ಕನಸು.

ಮಾವನಿಂದ ಹಿಡಿದು ಮೆಕ್ಯಾನಿಕ್‌ವರೆಗೆ ಎಲ್ಲರೂ ನಕ್ಕಿದ್ದರು. ನಗದವನು ನೌಮಾನ್ ಒಬ್ಬನೇ.

"ದೋಣಿ ಎಷ್ಟು ಉದ್ದ ಐತೆ?" ಎಂದಷ್ಟೇ ಕೇಳಿದ್ದ.

ಮೂರು ತಿಂಗಳು ಸಂಜೆಸಂಜೆ ಬಂದು ಗಾಡಿಯ ಮೇಲೆ ಕಬ್ಬಿಣದ ಕ್ಯಾರಿಯರ್ ಕೂರಿಸಿದ. ಹಳೇ ಟ್ಯೂಬು ಕತ್ತರಿಸಿ ಕಂಬಿಗಳಿಗೆ ಸುತ್ತಿದ. ಅದರ ಮೇಲೆ ತನ್ನ ಅಮ್ಮಿ ಹೊಲಿದ ಕೌದಿ ಹಾಸಿದ.

ಮೊದಲ ಸಲ ದೋಣಿ ಕಟ್ಟಿದ ದಿನ ಅವಳನ್ನು ಏಣಿ ಹತ್ತಿಸಿದ್ದ.

"ಹಗ್ಗದ ಕೆಳಗೆ ಬೆರಳು ಹಾಕು."

"ಯಾಕೆ?"

"ಹಾಕು ಅಂದೆ. ಎಷ್ಟು ಹೋದ್ವು?"

"ಎರಡು."

"ಹ್ಞಾಂ. ಎರಡು ಬೆರಳು ಹೋಗಬೇಕು. ಮೂರು ಹೋದ್ರೆ ದೋಣಿ ರಸ್ತೆಗೆ ಬೀಳ್ತೈತೆ. ಒಂದೂ ಹೋಗ್ಲಿಲ್ಲ ಅಂದ್ರೆ ಬಿಸಿಲಿಗೆ ಮೆತ್ತಗಾಗಿ ಹೊಟ್ಟೆ ಒಳಗೆ ಹೋಗ್ತೈತೆ. ಇದು ಜೋಳದ ಚೀಲ ಅಲ್ಲ ನಿಖತ್, ಉಸಿರಾಡ್ತೈತೆ."

ಅವಳ ಬೆರಳು ಹಗ್ಗದ ಕೆಳಗೇ ಇತ್ತು. ಅವನ ಬೆರಳೂ ಅಲ್ಲೇ ಇತ್ತು. ಇಬ್ಬರೂ ತಕ್ಷಣ ತೆಗೆಯಲಿಲ್ಲ...

ಆ ಸಂಜೆಯ ನಂತರ ನಿಖತ್‌ಗೆ ನಿದ್ದೆ ಹತ್ತಲು ಹೊತ್ತಾಗುತ್ತಿತ್ತು. ಅವನೂ ಹೇಳಲಿಲ್ಲ. ಇವಳೂ ಹೇಳಲಿಲ್ಲ. ಮೊದಲ ಪ್ರವಾಸ ಮುಗಿಯಲಿ, ಆಮೇಲೆ ನಾನೇ ಹೇಳುತ್ತೇನೆ ಅಂದುಕೊಂಡಿದ್ದಳು.

ಆ ಮೊದಲ ಪ್ರವಾಸದ ದಿನವೇ ಹೀಗಾಗಿತ್ತು!

*

"ಒಂದು ವಾರ ನೋಡ್ತೀವಿ ನಿಖತ್. ಮುಂದಿನ ಭಾನುವಾರ ಆಗ್ಲಿಲ್ಲ ಅಂದ್ರೆ ಬೇರೆ ಕಡೆ ಹೋಗ್ತೀವಿ," ಎಂದು ಅಂಬಿಕಾ ಟೀಚರ್ ಹೇಳಿ ಹೋಗಿದ್ದರು.

ಅತ್ತ ನೌಮಾನ್‌ನ ಪಾಡು ಏನಾಗಿದೆ ಅನ್ನುವುದು ನಿಖತ್‌ಗೆ ಬುಧವಾರ ಗೊತ್ತಾಯಿತು. ಅವನ ಜೊತೆ ಹಗ್ಗ ಕಟ್ಟುವ ಸೈಫುಲ್ಲಾ ಹೇಳಿದ.

"ಯಾರ್ಡಿನಾಗೆ ಅವನ ಹೆಸರೇ ಈಗ ಹಪ್ಪಳ. ಸೋಮವಾರ ಎರಡು ಲಾರಿಯೋರು, 'ಬ್ಯಾಡ ಬಿಡಪ್ಪ, ನಮ್ಮ ಲೋಡು ಚಪ್ಪಟೆ ಆದೀತು' ಅಂದ್ರು. ಹದಿಮೂರು ವರ್ಷದಾಗೆ ಅವನು ಕಟ್ಟಿದ ಲೋಡು ಒಂದೂ ಜಾರಿಲ್ಲ ಗೊತ್ತೈತಾ? ನಿಮ್ಮ ಒಂದು ಮಾತಿಗೆ ಎಲ್ಲಾ ಹೋಯ್ತು. ಚಲೋ ಮಾಡಿದ್ರಿ, ಬಿಡ್ರಿ."

"ಅವನೇ ತಾನೇ ಕೆಡಿಸಿದ್ದು?"

"ಅವನು ಕೆಡಿಸಿದ್ದಾ?" ಸೈಫುಲ್ಲಾ ಅವಳನ್ನು ಕನಿಕರದಿಂದ ನೋಡಿದ. "ನಿಮ್ಮ ಹತ್ರ ಫೋಟೋ ಇರ್ತಾವಲ್ಲ, ನೋಡ್ರಿ. ಓದಿದೋರಲ್ಲೇನ್ರಿ ನೀವು?"

ನಿಖತ್‌ಳ ಕಿವಿ ಕಾದವು. ಮನೆಗೆ ಬಂದು ಮೊಬೈಲ್ ತೆಗೆದಳು.

ಆನೆಕೊಂಡದಲ್ಲಿ ಶನಿವಾರ ಬೆಳಿಗ್ಗೆ ಅವಳೇ ತೆಗೆದ ಫೋಟೋ. ಹಗ್ಗದ ಕೆಳಗೆ ನೌಮಾನ್‌ನ ಎರಡು ಬೆರಳು. ಮುಖದಲ್ಲಿ ನಗು.

ಭಾನುವಾರ ಹರಿಹರದಲ್ಲಿ, ಹಗ್ಗ ಬಿಚ್ಚುವುದಕ್ಕೆ ಮುಂಚೆ ಅಂಬಿಕಾ ಟೀಚರ್ ಗಾಡಿಯ ಮುಂದೆ ನಿಂತು ತೆಗೆದ ಸೆಲ್ಫಿ. ಅವರ ತಲೆಯ ಮೇಲುಗಡೆ ಹಗ್ಗ ತಂತಿಯ ಹಾಗೆ ಬಿಗಿದಿದೆ. ಹಗ್ಗದ ನಡುವೆ ಒಂದು ಕಬ್ಬಿಣದ ರಾಡು ಸಿಕ್ಕಿಸಿ, ಮುರಿಮುರಿ ತಿರುಗಿಸಿ ನಿಲ್ಲಿಸಿದ್ದಾರೆ.

ರಾಡಿನ ತುದಿಗೆ ಕೆಂಪು ಬಟ್ಟೆ.

ಆ ಕೆಂಪು ಬಟ್ಟೆಯನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಅಬ್ಬಾನ ಲಾರಿಯ ಸೀಟಿನ ಕೆಳಗೆ!

*

"ಅಬ್ಬಾ! ಇದೇನು?"

ಖಾಜಾ ಹುಸೇನ್ ಊಟದ ತಟ್ಟೆಯ ಮುಂದೆ ಕೂತಿದ್ದರು. ಫೋಟೋ ನೋಡಿದರು. ಕೈಯಲ್ಲಿದ್ದ ರೊಟ್ಟಿಯ ತುಂಡು ತಟ್ಟೆಗೆ ಮರಳಿತು.

"ಮೂವತ್ತು ವರ್ಷದ ರೂಢಿ ಬೇಟಿ... ಲೋಡು ಹೊರಟ ಮೇಲೆ ಮೊದಲನೇ ಟೀ ಅಂಗಡಿನಾಗೆ ಇಳಿದು ಹಗ್ಗ ಬಿಗಿ ಮಾಡ್ದೆ ಯಾವ ಡ್ರೈವರ್ ಟೀ ಕುಡಿಯಲ್ಲ. ಶನಿವಾರ ಆನೆಕೊಂಡದಿಂದ ಗಾಡಿ ತರೋವಾಗ ಗಾಳಿಗೆ ಹಗ್ಗ ಗುಂಯ್ ಅಂತಿತ್ತು. ಸಡಿಲ ಐತೆ ಅನ್ಕೊಂಡೆ. ರಾಡು ಹಾಕಿ ನಾಲ್ಕು ಸುತ್ತು ತಿರುಗಿಸಿದೆ. ಆ ಮಧ್ಯಾಹ್ನ ಪೂರ್ತಿ ಗಾಡಿ ಬಿಸಿಲಿಗೇ ನಿಂತಿತ್ತು... ನನಗೇನು ಗೊತ್ತು ಅದು ಮೇಣದಂಗೆ ಇಳಿದು ಹೋಗ್ತೈತೆ ಅಂತ?"

"ಅದು ತಪ್ಪಲ್ಲ ಅಬ್ಬಾ! ಗೊತ್ತಿಲ್ದೆ ಆಯ್ತು. ಆದ್ರೆ ನಾನು ಅವನಿಗೆ ಬೈವಾಗ ಬಾಯಿ ಯಾಕೆ ಮುಚ್ಕೊಂಡು ನಿಂತಿದ್ರಿ?"

"ಅಷ್ಟು ಜನದ ಮುಂದೆ ಹೆಂಗೆ ಹೇಳ್ಲಿ..."

"ಅಷ್ಟು ಜನದ ಮುಂದೇನೇ ಅಲ್ವಾ ನಾನು ಬೈದಿದ್ದು!"

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು.

"ಅವನಿಗೆ ಗೊತ್ತಾಗಿತ್ತು," ಎಂದರು ಖಾಜಾ ಹುಸೇನ್ ತಲೆ ತಗ್ಗಿಸಿ. "ಹಗ್ಗ ಮುಟ್ಟಿದ ಕೂಡ್ಲೆ ಗೊತ್ತಾಯ್ತು. ನನ್ನ ಇಜ್ಜತ್ ಉಳಿಸಾಕೆ ಸುಮ್ನಾದ."

ನಿಖತ್‌ಗೆ ಅಳು ಬರಲಿಲ್ಲ. ಸಿಟ್ಟು ಬಂತು. ಅಪ್ಪನ ಮೇಲೆ, ನಕ್ಕ ಮಾಲತೇಶನ ಮೇಲೆ, ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆ. 'ಅಬ್ಬಾ ಬರೀ ಸುಮ್ಮನಿದ್ದರು. ಕಲ್ಲು ಎಸೆದವಳು ನಾನು. ಎಂಟನೇ ಕ್ಲಾಸು ಅಂದವಳು ನಾನು!'

*

ಗುರುವಾರ ಬೆಳಿಗ್ಗೆ ಮಂಡಕ್ಕಿ ಭಟ್ಟಿಯ ಮುಂದೆ ಮನೆಗಾಡಿ ನಿಂತಿತು. ಸ್ಟಿಯರಿಂಗ್ ಹಿಡಿದಿದ್ದವಳು ನಿಖತ್. ಮೇಲೆ ಕೆಂಪು, ಹಳದಿ ಕಯಾಕ್. ಕಟ್ಟಿದವಳೂ ಅವಳೇ.

ಒಳಗೆ ಹೊಗೆ. ಕಾದ ಮರಳಲ್ಲಿ ಅಕ್ಕಿ ಚಟಚಟನೆ ಅರಳುತ್ತಿತ್ತು. ಕೆಲಸ ಸಿಗದ ನೌಮಾನ್ ಅಮ್ಮಿಯ ಪಕ್ಕ ಕೂತು ಮಂಡಕ್ಕಿ ಚೀಲ ಹೊಲಿಯುತ್ತಿದ್ದ. ಇವಳನ್ನು ನೋಡಿಯೂ ಸೂಜಿ ನಿಲ್ಲಿಸಲಿಲ್ಲ.

"ನೌಮಾನ್... ನನಗೆಲ್ಲಾ ಗೊತ್ತಾಯ್ತು. ತಪ್ಪಾಯ್ತು. ಮಾಫ್ ಮಾಡು."

"ಆಯ್ತು ಮೇಡಂ. ಹೋಗ್ರಿ."

ಮೇಡಂ! ಚಿಕ್ಕಂದಿನಿಂದ ನಿಖತ್ ಅನ್ನುತ್ತಿದ್ದ ಬಾಯಿ. ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

"ಹಂಗನ್ನಬ್ಯಾಡ. ಬೇಕಾದ್ರೆ ಬೈ. ನಾಲ್ಕು ಮಾತು ಬೈ!"

ಅವನು ಸೂಜಿ ಬಿಸಾಡಿ ಎದ್ದ. ಕಣ್ಣು ಭಟ್ಟಿಯ ಬೆಂಕಿಗಿಂತ ಕೆಂಪಾಗಿತ್ತು.

"ಯಾರ ಮುಂದೆ ಬೈಲಿ? ಹಾಂ? ನೀವು ಬೈದಿದ್ದು ಊರ ಮುಂದೆ, ಮಾಫಿ ಕೇಳ್ತಿರೋದು ಹೊಗೆ ಮುಂದೆ! ಇಲ್ಲಿ ಯಾರದಾರೆ ಕೇಳಾಕೆ? ನಮ್ಮಮ್ಮಿ ಅದಾಳೆ, ಮರಳು ಐತೆ. ಹೆಸರು ಕಿತ್ಕೊಂಡಿದ್ದು ಬೀದಿನಾಗೆ, ವಾಪಸ್ ಕೊಡೋದು ಹಿತ್ತಲ ಬಾಗಿಲಾಗೆ! ಓದಿದೋರ ಲೆಕ್ಕ ಹಿಂಗೇ ಏನ್ರಿ ಇರೋದು?"

"ನೌಮಾನ್..."

"ಎಂಟನೇ ಕ್ಲಾಸು ಯಾಕೆ ಬಿಟ್ಟೆ ಅಂತ ನಿಮಗೆ ಗೊತ್ತಿರ್ಲಿಲ್ಲ? ಬೇರೆ ಯಾರಾದ್ರು ಅಂದಿದ್ರೆ ನಕ್ಕು ಬಿಡ್ತಿದ್ದೆ. ನಮ್ಮಪ್ಪನ ಮಣ್ಣಿನ ದಿನ ನಮ್ಮನೆ ಮುಂದೆ ನಿಂತು ಅತ್ತೋಳು ನೀವು! ನೀವು ಅಂದ್ರಿ!"

ನಿಖತ್‌ಳ ಕಣ್ಣಲ್ಲಿ ನೀರು ತುಂಬಿ ಭಟ್ಟಿ, ಬೆಂಕಿ, ಅವನು, ಎಲ್ಲ ಕಲಸಿಹೋದವು.

ಶಮೀಮ್ ಬಾಣಲಿಯಿಂದ ತಲೆಯೆತ್ತಿದರು. "ನಾಲಿಗೆಗೆ ಎಲುಬಿಲ್ಲ ಬೇಟಿ, ಆದ್ರೆ ಎಲುಬು ಮುರಿತೈತೆ," ಎಂದರು. ಮಗನ ಕಡೆ ತಿರುಗಿ, "ನೀನೂ ಸಾಕು ಮಾಡು. ಮನುಷ್ಯರ ಜಗಳ ಮನುಷ್ಯರು ಆಡ್ಕೊಳ್ರಿ. ದೋಣಿ ಏನು ಮಾಡೈತೆ?"

ನೌಮಾನ್ ಒಂದು ಗಳಿಗೆ ನಿಂತ. ಹೊರಗೆ ಬಂದು ಏಣಿ ಹತ್ತಿದ. ಕುಸಿದ ಹೊಟ್ಟೆಯ ಮೇಲೆ ಕೈ ಆಡಿಸಿದ. ದನಕ್ಕೆ ಗಾಯವಾದರೆ ರೈತ ಸವರುತ್ತಾನಲ್ಲ, ಹಾಗೆ.

"ಬಿಸಿಲು ಒಳಗೆ ಎಳೆದಿದ್ದನ್ನ ಬಿಸಿನೇ ಹೊರಗೆ ತಳ್ಳಬೇಕು," ಎಂದು ತನಗೆ ತಾನೇ ಹೇಳಿಕೊಂಡ. "ಅಮ್ಮೀ, ಅರ್ಧ ಆರಿದ ಮರಳು ಐತಾ?"

ಭಟ್ಟಿಯ ಮರಳನ್ನು ಬಟ್ಟೆ ಚೀಲಗಳಿಗೆ ತುಂಬಿದ. ಕೈ ಇಟ್ಟರೆ ಸುಡಬೇಕು, ಬೊಬ್ಬೆ ಏಳಬಾರದು, ಅಷ್ಟು ಬಿಸಿ. ಕಯಾಕನ್ನು ಮೆತ್ತನೆ ಮಣ್ಣಿನ ಮೇಲೆ ನೆಟ್ಟಗೆ ಮಲಗಿಸಿ, ಒಳಗೆ ಉಬ್ಬಿಕೊಂಡಿದ್ದ ಜಾಗದ ಮೇಲೆ ಚೀಲ ಹೇರಿದ. ತಣ್ಣಗಾದರೆ ತೆಗೆದು ಬೇರೆ ಚೀಲ. ಮತ್ತೆ ಬೇರೆ. ನಿಖತ್ ಮರಳು ಹೊತ್ತು ತಂದಳು. ಅಂಗೈಗಳು ಕೆಂಪಾದವು. ಅವನು ನೋಡಿದ, ನೋಡದವನಂತೆ ಇದ್ದ.

ಸಂಜೆ ಹೊತ್ತಿಗೆ ಕೆಂಪು ಕಯಾಕ್ 'ಟಕ್' ಅಂತು. ಒಳಗೆ ಹೋಗಿದ್ದ ಹೊಟ್ಟೆ ತನ್ನ ಜಾಗಕ್ಕೆ ಮರಳಿತ್ತು!

ನಿಖತ್ ಖುಷಿಗೆ ಚೀರಿದಳು. ನೌಮಾನ್‌ನ ತುಟಿಯ ಮೇಲೂ ನಗು ಬಂತು... ಸಿಟ್ಟು ನೆನಪಾಗಿ ಹಿಂದೆ ಹೋಯಿತು.

ಮರುದಿನ ಹಳದಿಯದೂ ಸರಿಯಾಯಿತು.

"ಭಾನುವಾರ ಬರ್ತೀಯಾ ಹರಿಹರಕ್ಕೆ? ಅದೇ ಜಾಗಕ್ಕೆ?"

"ಬರಲ್ಲ ಮೇಡಂ. ಕಟ್ಟೋದು ನಿಮಗೇ ಬರ್ತೈತಲ್ಲ."

*

ಭಾನುವಾರ. ಅದೇ ಹೊಳೆದಂಡೆ. ಅದೇ ನಾಲ್ವರು ಟೀಚರ್‌ಗಳು. ಹೋದ ವಾರದ ನಾಟಕ ಮತ್ತೆ ನೋಡಲು ಬಂದಂತಿದ್ದ ಟೀ ಅಂಗಡಿಯ ಜನ.

"ಏನಮ್ಮಾ, ಇವತ್ತು ಹಪ್ಪಳನಾ, ಸಂಡಿಗೆನಾ?" ಎಂದ ಮಾಲತೇಶ.

ನಿಖತ್ ಗಾಡಿಯಿಂದ ಇಳಿದಳು. ನೆಟ್ಟಗೆ ಟೀ ಅಂಗಡಿಯ ಮುಂದೆ ಹೋಗಿ ನಿಂತಳು.

"ಮಾಲತೇಶಣ್ಣ, ಹೋದ ವಾರ ನಕ್ಕಿದ್ರಲ್ಲ, ಈಗ ಕೇಳ್ರಿ. ಎಲ್ಲಾರೂ ಕೇಳ್ರಿ! ದೋಣಿ ಕೆಡಿಸಿದ್ದು ನೌಮಾನ್ ಅಲ್ಲ. ಅವನು ಸರಿಯಾಗೇ ಕಟ್ಟಿದ್ದ. ಆಮೇಲೆ ಬಿಗಿ ಮಾಡಿ ಕೆಡಿಸಿದ್ದು ನಮ್ಮ ಮನೆ ಕೈ. ಅವನ ಹೆಸರು ಕೆಡಿಸಿದ್ದು ನನ್ನ ನಾಲಿಗೆ. ಎಂಟನೇ ಕ್ಲಾಸು ಅಂದೆ. ಹದಿನೈದು ಕ್ಲಾಸು ಓದಿದ ನಾನು ಕೆಡಿಸಿದ್ದನ್ನ ಅವನೇ ಸರಿ ಮಾಡಿಕೊಟ್ಟ. ಬೇಕಾದ್ರೆ ಬಂದು ದೋಣಿ ಮುಟ್ಟಿ ನೋಡ್ರಿ!"

ಯಾರೂ ನಗಲಿಲ್ಲ.

ಗಾಡಿಯ ಇನ್ನೊಂದು ಬಾಗಿಲಿನಿಂದ ಖಾಜಾ ಹುಸೇನ್ ಇಳಿದರು. ಕೈಯಲ್ಲಿ ಕೆಂಪು ಬಟ್ಟೆಯ ರಾಡು.

"ತಿರುಗಿಸಿದ್ದು ಈ ಕೈ. ಹೇಳ್ದೆ ಸುಮ್ನೆ ನಿಂತಿದ್ದೂ ನಾನೇ. ನಿನ್ನೆ ಯಾರ್ಡಿಗೂ ಹೋಗಿ ಎಲ್ಲಾರ ಮುಂದೆ ಹೇಳಿ ಬಂದೀನಿ." ದನಿ ಒಡೆಯಿತು. "ಈ ರಾಡು ಇವತ್ತು ಹೊಳೆ ಪಾಲು."

"ಬ್ಯಾಡ ಉಸ್ತಾದ್," ಎಂದಿತು ಹಿಂದಿನಿಂದ ಒಂದು ದನಿ. "ಗಾಡಿನಾಗೇ ಇಡ್ರಿ. ಟೈರು ಬಿಚ್ಚಾಕೆ ಬೇಕಾಗ್ತೈತೆ."

ನಿಖತ್ ತಿರುಗಿ ನೋಡಿದಳು.

ನೌಮಾನ್! ಬೈಕಿಗೆ ಒರಗಿ ನಿಂತಿದ್ದ. ಹೆಗಲ ಮೇಲೆ ಹಗ್ಗ, ಮೈಯೆಲ್ಲ ರಸ್ತೆಯ ಧೂಳು.

ಅವಳು ಅವನ ಹತ್ತಿರ ನಡೆದಳು. ಎಲ್ಲರೂ ನೋಡುತ್ತಿದ್ದರು. ನೋಡಲಿ!

"ಬರಲ್ಲ ಅಂದಿದ್ದೆ?"

"ಬಂದಿಲ್ಲ. ಹಿಂದೆ ಬಂದೆ."

"ಹಂಗಂದ್ರೆ?"

"ದಾವಣಗೆರೆಯಿಂದ ನಿಮ್ಮ ಗಾಡಿ ಹಿಂದೇನೇ ಬಂದೆ. ಹೆಂಗೆ ಕಟ್ಟೀರೋ ಏನೋ... ದೋಣಿ ಬಿದ್ರೆ ಹಿಡಿಯಾಕೆ ಒಬ್ಬರು ಬೇಕಲ್ಲ."

ನಿಖತ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಂಬಿಕಾ ಟೀಚರ್ ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡರು.

"ಊರ ಮುಂದೆ ಬೈದೆ, ಊರ ಮುಂದೇನೇ ಮಾಫಿ ಕೇಳ್ದೆ. ಇನ್ನೊಂದು ಮಾತು ಐತೆ, ಅದನ್ನೂ ಊರ ಮುಂದೇನೇ ಹೇಳ್ತೀನಿ. ನೀನು ಅಂದ್ರೆ ನನಗೆ ಇಷ್ಟ ನೌಮಾನ್. ಆನೆಕೊಂಡದ ಗಲ್ಲಿಯಿಂದ ಇಷ್ಟ. ಹೇಳಾಕೆ ಧೈರ್ಯ ಇರ್ಲಿಲ್ಲ, ಬೈಯಾಕೆ ಇತ್ತು. ಅಷ್ಟೇ ನನ್ನ ಓದು."

ಅವನ ಮುಖದ ಬಿಗಿ ಸಡಿಲಾಗಲಿಲ್ಲ. ಹಗ್ಗ ಹಿಡಿದ ಕೈ ಮಾತ್ರ ಒಮ್ಮೆ ಬಿಗಿದು, ಬಿಟ್ಟಿತು.

"ಇನ್ನೂ ಸಿಟ್ಟು ಐತಾ?"

"ಐತೆ."

"ಬಾಳ?"

"ಬಾಳ ಐತೆ ನಿಖತ್."

ನಿಖತ್! ಮೇಡಂ ಅನ್ನಲಿಲ್ಲ!

ಅವಳು ಕಣ್ಣು ಒರೆಸಿಕೊಂಡಳು. ತನ್ನ ಬಲಗೈಯ ಎರಡು ಬೆರಳು ಮೇಲೆತ್ತಿ ಅವನ ಮುಂದೆ ಹಿಡಿದಳು. ಮರಳು ಸುಟ್ಟ ಕೆಂಪು ಇನ್ನೂ ಮಾಸಿರಲಿಲ್ಲ.

"ಅಷ್ಟು ಬಿಗಿ ಸಿಟ್ಟಿನ ಕೆಳಗೆ... ಇಷ್ಟು ಜಾಗ ಐತಾ?"

ನೌಮಾನ್ ಆ ಬೆರಳುಗಳನ್ನು ನೋಡಿದ. ಹೊಳೆಯ ಗಾಳಿ ಇಬ್ಬರ ನಡುವೆ ಹಾದುಹೋಯಿತು.

ಆಮೇಲೆ ಹಗ್ಗವನ್ನು ಹೆಗಲ ಮೇಲೆ ಸರಿಪಡಿಸಿಕೊಂಡು, ತಿರುಗಿ ನಡೆದ.

ಬೈಕಿನ ಕಡೆಗಲ್ಲ. ಮನೆಗಾಡಿಯ ಏಣಿಯ ಕಡೆಗೆ, ಅವಳು ಕಟ್ಟಿದ ಹಗ್ಗದ ಕೆಳಗೆ ಬೆರಳು ಹಾಕಿ ನೋಡಲು.